ಪ್ರಶ್ನಾವಳಿ ಹಿಡಿದು ಬಸ್ ಸ್ಟ್ಯಾಂಡಿಗೆ

ಬಿ.ಎ. ಕೊನೆಯ ಸೆಮಿಸ್ಟರ್‌ನಲ್ಲಿ ಸಮಾಜಶಾಸ್ತ್ರದ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡಿದ್ದು ಶಕ್ತಿ ಯೋಜನೆ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ನಮ್ಮ ಮನೆಯಲ್ಲಿ ದಿನಾ ಅದೇ ಮಾತು. ಉಳಿದ ಬಸ್ ಚಾರ್ಜು ಎಲ್ಲಿಗೆ ಹೋಗುತ್ತೆ ಅಂತ ತಿಳಿಯಬೇಕಿತ್ತು ನನಗೆ.

ರಾತ್ರಿಯೆಲ್ಲ ಕೂತು ಇಪ್ಪತ್ತೆರಡು ಪ್ರಶ್ನೆ ಬರೆದೆ. ಗೈಡ್ ಮೇಡಂ ಓದಿ ಒಂದರ ಮೇಲೆ ಬೆರಳಿಟ್ಟರು. ‘ಶಕ್ತಿ ಯೋಜನೆಯಿಂದ ನಿಮ್ಮ ಉಳಿತಾಯ ಹೆಚ್ಚಾಗಿದೆಯೇ?’

“ಇದಕ್ಕೆ ಇಲ್ಲ ಅಂತ ಯಾರಮ್ಮ ಹೇಳ್ತಾರೆ?”

ನನಗೆ ಅರ್ಥವಾಗಲಿಲ್ಲ. “ಹತ್ತು ಜನರನ್ನ ಕೇಳ್ಕೊಂಡು ಬಾ, ಆಮೇಲೆ ಮಾತಾಡೋಣ” ಅಂತ ಕಳಿಸಿದರು.

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡ್. ನಂಜನಗೂಡು ಬಸ್ಸು ನಿಲ್ಲುವ ಕಡೆ ನಿಂತೆ. ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು, ಕೈಯಲ್ಲಿ ರಟ್ಟು, ಪೆನ್ನು. ಏಳು ಜನ ಪ್ರಶ್ನೆ ಮುಗಿಯುವ ಮೊದಲೇ “ಹೂಂ ಹೂಂ” ಅಂದರು. ಎಂಟನೆಯವರು ಸೊಪ್ಪು ಮಾರುವ ಅಜ್ಜಿ. ಖಾಲಿ ಗೋಣಿಚೀಲ ಮಡಚಿ ಅದರ ಮೇಲೇ ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ಬೆಳಗಿನ ಎರಡು ಚೀಟಿ ತೋರಿಸಿದರು. ಒಂದು ಝೀರೋ ಟಿಕೆಟ್, ಇನ್ನೊಂದು ಲಗೇಜಿನದು.

“ನಂಗೆ ಫ್ರೀ ಕಣವ್ವ, ನನ್ನ ಸೊಪ್ಪಿಗೆ ಕಾಸು ಕೊಟ್ಟಿವ್ನಿ.”

ಹೆಸರು ಕೇಳಿದೆ. ಚೀಟಿಗಳು ಮತ್ತೆ ಗಂಟಿಗೆ ಸೇರಿದವು.

“ಹೆಸ್ರು ಯಾಕೆ? ಬರ್ಕೊಂಡೋಗಿ ಬಸ್ಸು ನಿಲ್ಸ್‌ಬುಟ್ರೆ?”

ಆಗ ಗೊತ್ತಾಯಿತು. ಆ ಏಳು ‘ಹೂಂ’ಗಳಲ್ಲಿ ಎಷ್ಟು ಈ ಭಯದಿಂದ ಬಂದಿದ್ದವೋ. ‘ಇಲ್ಲ’ ಅಂದರೆ ಸೌಲಭ್ಯ ಹೋಗುತ್ತೆ ಅಂದುಕೊಂಡರೆ ಯಾರು ತಾನೇ ನಿಜ ಹೇಳ್ತಾರೆ?

ಅವರ ಎದುರಿಗೇ ಹೆಸರಿನ ಕಾಲಂ ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅಧ್ಯಯನಕ್ಕೆ ಅಂತ 1948ರಲ್ಲಿ ಇದೇ ಸೀಮೆಯ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಬರೆಯುವಾಗ ಆ ಊರನ್ನು ‘ರಾಂಪುರ’ ಅಂತ ಕರೆದರು, ಅದು ಊರಿನ ನಿಜವಾದ ಹೆಸರಲ್ಲ. ಪರೀಕ್ಷೆಗೆ ಅಂತ ಇದನ್ನು ಓದಿದ್ದೆ. ಮನೆಯ ಗುಟ್ಟು ಬಿಚ್ಚಿಟ್ಟವರನ್ನು ಕಾಪಾಡೋದು ಬರೆಯುವವರ ಜವಾಬ್ದಾರಿ ಅಂತ ತಿಳಿದಿದ್ದು ಮಾತ್ರ ಆ ಗೋಣಿಚೀಲದ ಪಕ್ಕ.

ರಟ್ಟು ಬದಿಗಿಟ್ಟು ಸುಮ್ನೆ ಕೇಳಿದೆ, “ಹೋದ ವಾರ ಬಸ್ಸಲ್ಲಿ ಎಲ್ಲೆಲ್ಲಿಗೆ ಹೋಗಿದ್ರಿ ಅಜ್ಜಿ?”

ಬೆರಳು ಮಡಚಿದರು. ಮಾರ್ಕೆಟ್ಟು. ಆಸ್ಪತ್ರೆ. ಮತ್ತೆ ಮಾರ್ಕೆಟ್ಟು. ಆಮೇಲೆ, “ನಮ್ಮವ್ವನ್ ತಾವ್ಕೆ. ಹಣ್ಣಾಗವ್ಳೆ. ಮೊದ್ಲು ಗೌರಿ ಹಬ್ಬಕ್ಕೆ ಒಂದಪ ಹೋಯ್ತಿದ್ದೆ. ಈಗ ವಾರವಾರ ಹೋಗಿ ತಲೆಗೆ ನೀರು ಹುಯ್ದು, ಸಂದೆಗೆ ಬಂದ್ಬುಡ್ತೀನಿ.”

ನನ್ನ ಫಾರಂನಲ್ಲಿ ಪ್ರಯಾಣದ ಉದ್ದೇಶ ಅಂತ ನಾಲ್ಕು ಚೌಕ ಇದ್ದವು. ಕೆಲಸ, ಓದು, ಆಸ್ಪತ್ರೆ, ಇತರೆ. ನಾನು ‘ಇತರೆ’ಗೆ ಟಿಕ್ ಹಾಕಿದೆ.

ಹತ್ತು ಫಾರಂ ಮೇಡಂ ಮುಂದಿಟ್ಟೆ. ‘ಇತರೆ’ಯಲ್ಲೇ ಟಿಕ್ ಜಾಸ್ತಿ. “ಇತರೆ ಅಂದ್ರೆ ಏನೇನು?” ಅಂದರು. ಅಜ್ಜಿಯ ಮಾತು ಹೇಳಿದೆ. ಉಳಿದವರು ಎಲ್ಲಿಗೆ ಹೋಗಿದ್ದರೋ, ಕೇಳೇ ಇರಲಿಲ್ಲ. ಹಣ ಎಲ್ಲಿ ಉಳಿಯಿತು ಅಂತ ಹುಡುಕುತ್ತಿದ್ದವಳಿಗೆ ಹೆಂಗಸರು ತವರಿಗೆ ಹೋಗಿಬರೋದು ಕಾಣಿಸಲೇ ಇಲ್ಲ. ಅದು ನನಗೆ ಬಹಳ ನೋವಾಯಿತು.

ಉಡುಪಿ ಕಡೆಯ ಗೆಳತಿಯೊಬ್ಬಳು ಅದೇ ಸಂಜೆ ಇನ್ನೊಂದು ಮಾತು ಹೇಳಿದಳು. ಅವರ ಊರಿಗೆ ಬರೋದೆಲ್ಲ ಪ್ರೈವೇಟ್ ಬಸ್ಸು, ಅದರಲ್ಲಿ ಝೀರೋ ಟಿಕೆಟ್ ಇಲ್ಲ. ಹಾಗಾದರೆ ‘ಕರ್ನಾಟಕದ ಮಹಿಳೆಯರು’ ಅಂತ ನಾನು ಹೇಗೆ ಬರೆಯಲಿ? ಶೀರ್ಷಿಕೆ ಕಿರಿದು ಮಾಡಿದೆ. ನಂಜನಗೂಡು ಬಸ್ಸು ಹತ್ತುವ ಹೆಂಗಸರು, ಅಷ್ಟೇ.

ಹೊಸ ಫಾರಂನಲ್ಲಿ ಪ್ರಶ್ನೆ ಒಂಬತ್ತು ಮಾತ್ರ. ಚೌಕಗಳ ಜಾಗದಲ್ಲಿ ನಾಲ್ಕು ಖಾಲಿ ಗೆರೆ ಬಿಟ್ಟೆ. ಸೋಮವಾರ ಅಜ್ಜಿ ಮತ್ತೆ ಸಿಕ್ಕರು. ಇವರು ಬಸ್ಸು ನಿಲ್ಲಿಸೋರಲ್ಲ ಅಂತ ಪಕ್ಕದವರಿಗೂ ಅವರೇ ಹೇಳಿದರು. ಮೊದಲ ಗೆರೆಯ ಮೇಲೆ ಅವರು ಹೇಳಿದ ಹಾಗೇ ಬರೆದುಕೊಂಡೆ: ‘ಅವ್ವನ ತಲೆಗೆ ನೀರು ಹುಯ್ಯಕ್ಕೆ.’