ಕಾರು ಮಾಡಿದ್ದಕ್ಕೆ ಮನೆಯಲ್ಲಿ ಬೈತಾರಾ?

ಮೇಲಿನ ಮನೆಯ ಹುಡುಗಿ ಮೊನ್ನೆ ಮೆಟ್ಟಿಲ ಹತ್ತಿರ ಸಿಕ್ಕಿ, ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಯಲ್ಲಿ ನಾವು ನೋಡಿದ ಕರ್ನಾಟಕದ ಹುಡುಗನೊಬ್ಬನ ಬಗ್ಗೆ ಒಂದು ಪ್ರಶ್ನೆ ಕೇಳಿದಳು. "ಆ ಹುಡುಗ ಮನೆಯಲ್ಲಿ ಯಾಕೆ ಸುಳ್ಳು ಹೇಳಿ ಬಂದ? ಕಾರು ಮಾಡಿದ್ದಕ್ಕೆ ನಿಮ್ಮ ಕಡೆ ಅಪ್ಪ ಅಮ್ಮ ಬೈತಾರಾ?"

ಚುಚ್ಚಬೇಕು ಅಂತ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಏನೋ ಎರಡು ಮಾತು ಹೇಳಿ ಒಳಗೆ ಬಂದೆ. ಆಮೇಲೆ ಒಗ್ಗರಣೆ ಹಾಕುವಾಗಲೂ ಅದೇ ಪ್ರಶ್ನೆ, ಮಗನಿಗೆ ಹೋಮ್‌ವರ್ಕ್ ಮಾಡಿಸುವಾಗಲೂ ಅದೇ ಪ್ರಶ್ನೆ.

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಊರಿನಲ್ಲಿ. ಈ ಹುಡುಗಿ ಇಂಜಿನಿಯರಿಂಗ್ ಓದುತ್ತಾಳೆ. ಅವಳ ಕಾಲೇಜಿನ ವಿದ್ಯಾರ್ಥಿಗಳು ಪ್ರತಿ ವರ್ಷ ಹೊಸದೊಂದು ರೇಸ್ ಕಾರು ಕಟ್ಟುತ್ತಾರೆ. ಅದರ ವೈರಿಂಗ್ ಇವಳ ಜವಾಬ್ದಾರಿ. ರಾತ್ರಿ ಎಷ್ಟೋ ಹೊತ್ತಿಗೆ ಸೈಕಲ್‌ನಲ್ಲಿ ಬರುತ್ತಾಳೆ, ಬೆರಳಿನ ತುದಿಯೆಲ್ಲ ಕಪ್ಪಾಗಿರುತ್ತದೆ. ಕಾರಿಗಾಗಿ ಒಂದು ಸೆಮಿಸ್ಟರ್ ಪೂರ್ತಿ ಪರೀಕ್ಷೆ ಬರೆದಿಲ್ಲ. ಅವಳ ಅಮ್ಮ ಒಂದು ಸಲ ಇಲ್ಲಿಗೆ ಬಂದಾಗ ಆ ವಿಷಯವನ್ನು ಖುಷಿಯಿಂದಲೇ ಹೇಳಿದರು. ನಾನು ಬೆರಗಾಗಿ ಕೇಳಿಸಿಕೊಂಡೆ.

ಈ ಸ್ಪರ್ಧೆಗೆ ಫಾರ್ಮುಲಾ ಸ್ಟೂಡೆಂಟ್ ಅಂತ ಹೆಸರು. 1981ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಫಾರ್ಮುಲಾ ಎಸ್‌ಎಇ ಆಗಿ ಶುರುವಾಯಿತು, 1998ರಲ್ಲಿ ಇಂಗ್ಲೆಂಡಿಗೆ ಬಂತು. ಜರ್ಮನಿಯಲ್ಲಿ 2006ರಿಂದ ಇದೆ, ಆಗಸ್ಟ್‌ನಲ್ಲಿ ಹಾಕೆನ್‌ಹೈಮ್ ರೇಸ್ ಟ್ರ್ಯಾಕ್‌ನಲ್ಲಿ ನಡೆಯುತ್ತದೆ. ಚಕ್ರಗಳು ಹೊರಗೆ ಕಾಣುವ, ಒಬ್ಬರೇ ಕೂರುವ ಪುಟ್ಟ ಕಾರು. ವಿದ್ಯಾರ್ಥಿಗಳೇ ಯೋಚಿಸಿ, ಲೆಕ್ಕ ಹಾಕಿ, ಕಟ್ಟಿ, ಓಡಿಸಬೇಕು. ಬರೀ ವೇಗ ಇದ್ದರೆ ಗೆಲ್ಲುವುದಕ್ಕೆ ಆಗುವುದಿಲ್ಲ. ಒಟ್ಟು 1000 ಅಂಕದಲ್ಲಿ 325 ಅಂಕ ಕಾರು ಒಂದು ಅಡಿಯೂ ಓಡದೆ ಸಿಗುವಂಥದ್ದು. ವಿನ್ಯಾಸಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ಈ ಕಾರನ್ನು ವ್ಯಾಪಾರವಾಗಿ ಹೇಗೆ ನಡೆಸುತ್ತೀರಿ ಅನ್ನುವುದಕ್ಕೆ 75. ದೊಡ್ಡ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಇಂಜಿನಿಯರುಗಳು ತೀರ್ಪುಗಾರರಾಗಿ ಬಂದು ಕೂರುತ್ತಾರೆ. ಅವರು ಮತ್ತೆ ಮತ್ತೆ ಕೇಳುವುದು ಒಂದೇ. ಇದನ್ನು ಯಾಕೆ ಹೀಗೆ ಮಾಡಿದಿರಿ? ಹೋದ ವರ್ಷದ ಸೀನಿಯರ್ಸ್ ಹೀಗೇ ಮಾಡಿದ್ದರು ಅನ್ನುವ ಉತ್ತರಕ್ಕೆ ಅಲ್ಲಿ ಬೆಲೆ ಇಲ್ಲ.

ಓದುವ ಹುಡುಗರು ಮಾಡಿದ್ದು ಅಂತ ಇದನ್ನು ಸಣ್ಣದು ಅಂದುಕೊಳ್ಳಬೇಡಿ. 2022ರಲ್ಲಿ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಗ್ರೀನ್‌ಟೀಮ್ ಕಟ್ಟಿದ ಕಾರು ನಿಂತ ಜಾಗದಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ 1.461 ಸೆಕೆಂಡಿನಲ್ಲಿ ಹೋಗಿ ಎಲೆಕ್ಟ್ರಿಕ್ ಕಾರುಗಳ ವಿಶ್ವದಾಖಲೆ ಮಾಡಿತು. ಮುಂದಿನ ವರ್ಷವೇ ಸ್ವಿಟ್ಜರ್‌ಲೆಂಡಿನ ಜೂರಿಚ್ ವಿದ್ಯಾರ್ಥಿಗಳು ಅದನ್ನು 0.956 ಸೆಕೆಂಡಿಗೆ ಇಳಿಸಿದರು. ಅಷ್ಟು ವೇಗಕ್ಕೆ ಅವರಿಗೆ ಬೇಕಾಗಿದ್ದು ಬರೀ 12.3 ಮೀಟರ್ ಜಾಗ.

ಈ ಸಲ ಹುಡುಗಿ ನಮ್ಮನ್ನೂ ಹಾಕೆನ್‌ಹೈಮ್‌ಗೆ ಕರೆದಳು. ಮಗನಿಗೆ ಕಾರು ಅಂದರೆ ಪ್ರಾಣ. ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ತಂಡಗಳ ಡೇರೆಗಳ ಮಧ್ಯೆ ನಡೆಯುತ್ತಿದ್ದಾಗ ಹಿಂದಿನಿಂದ ಒಂದು ದನಿ. "ಲೋ ಮಗಾ, ಹತ್ತರ ಸ್ಪ್ಯಾನರ್ ಎಲ್ಲಿಟ್ಯೋ?"

ನನ್ನ ಕಾಲು ಅಲ್ಲೇ ನಿಂತಿತು. ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನ ಹುಡುಗರು! ಕನ್ನಡದಲ್ಲಿ ಮಾತಾಡಿಸಿದ ತಕ್ಷಣ ನಾಲ್ಕೈದು ಜನ ಸುತ್ತ ನಿಂತರು. ಪುಳಿಯೋಗರೆ ಡಬ್ಬಿ ಅಲ್ಲೇ ಖಾಲಿಯಾಯಿತು. ಅವರು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ, ಕಣ್ಣೆಲ್ಲ ಕೆಂಪಗಿತ್ತು.

ಇಲ್ಲಿಗೆ ಬರುವುದೇ ಒಂದು ದೊಡ್ಡ ಕಥೆ. ಜನವರಿಯಲ್ಲಿ ಆನ್‌ಲೈನ್ ಕ್ವಿಜ್ ಇರುತ್ತದೆ. ಜಗತ್ತಿನ ಎಲ್ಲ ಕಡೆಯ ತಂಡಗಳು ಒಂದೇ ಹೊತ್ತಿಗೆ ಕೂತು ನಿಯಮಗಳ ಬಗ್ಗೆ, ಇಂಜಿನಿಯರಿಂಗ್ ಬಗ್ಗೆ ಉತ್ತರ ಕೊಡಬೇಕು. ಸರಿಯಾಗಿ, ಬೇಗ ಕೊಟ್ಟವರಿಗೆ ಮಾತ್ರ ಜಾಗ. ಜಾಗ ಸಿಕ್ಕ ಮೇಲೆ ದುಡ್ಡಿಗೆ ಕಂಪನಿ ಕಂಪನಿ ಅಲೆಯಬೇಕು. ಇವರ ಕಾರಿನ ಚಕ್ರದ ಭಾಗಗಳನ್ನು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನವರು ಮಾಡಿಕೊಟ್ಟರಂತೆ. "ಗೆದ್ದು ಬನ್ನಿ ಹೋಗ್ರಪ್ಪ" ಅಂದು ಕೂಲಿಯನ್ನೇ ತೆಗೆದುಕೊಳ್ಳಲಿಲ್ಲವಂತೆ. ಆಮೇಲೆ ಕಾರನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಕಳಿಸಬೇಕು. ಲಿಥಿಯಂ ಬ್ಯಾಟರಿ ಅಂದರೆ ಅಪಾಯಕಾರಿ ಸರಕು, ವಿಮಾನದಲ್ಲಿ ಕಳಿಸಬೇಕಾದರೆ ಅದರ ಕಾಗದಪತ್ರವೇ ಒಂದು ಕಟ್ಟು. ಮೇಲಿನ ಮನೆಯ ಹುಡುಗಿಯ ತಂಡ ಒಂದು ವ್ಯಾನಿನಲ್ಲಿ ಕಾರು ಹೇರಿಕೊಂಡು ಒಂದೂಕಾಲು ಗಂಟೆಯಲ್ಲಿ ಬಂದಿತ್ತು. ಇವರ ಕಥೆ ಕೇಳಿ ಅವಳೇ ಅಂದಳು, "ನಮ್ಮದಕ್ಕಿಂತ ಇವರ ಸ್ಪರ್ಧೆ ದೊಡ್ಡದು." ನನಗೆ ಎದೆ ತುಂಬಿ ಬಂತು.

ಬಂದ ಮೇಲೂ ಸುಮ್ನೆ ಟ್ರ್ಯಾಕಿಗೆ ಬಿಡುವುದಿಲ್ಲ. ಬ್ಯಾಟರಿ ತಪಾಸಣೆ, ವಿದ್ಯುತ್ ತಪಾಸಣೆ, ಮೆಕ್ಯಾನಿಕಲ್ ತಪಾಸಣೆ. ಕಾರನ್ನು 60 ಡಿಗ್ರಿ ಓರೆ ಮಾಡಿ ನಿಲ್ಲಿಸುತ್ತಾರೆ, ಒಂದು ಹನಿಯೂ ಸೋರಬಾರದು. ಎಲೆಕ್ಟ್ರಿಕ್ ಕಾರಾದರೆ ಮೇಲಿನಿಂದ ಮಳೆಯ ಹಾಗೆ ನೀರು ಸುರಿಸುತ್ತಾರೆ. ಓಡಿಸುವವರು 5 ಸೆಕೆಂಡಿನೊಳಗೆ ಬೆಲ್ಟ್ ಬಿಚ್ಚಿ ಹೊರಗೆ ಬಂದು ತೋರಿಸಬೇಕು. ಕೊನೆಗೆ ಬ್ರೇಕ್. ವೇಗವಾಗಿ ಬಂದು ತುಳಿದರೆ ನಾಲ್ಕೂ ಚಕ್ರ ಒಟ್ಟಿಗೆ ಹಿಡಿದು ನಿಲ್ಲಬೇಕು. ಒಂದೊಂದು ಪಾಸಾದಾಗಲೂ ಕಾರಿನ ಮೂತಿಗೆ ಒಂದು ಸ್ಟಿಕ್ಕರ್ ಅಂಟಿಸುತ್ತಾರೆ. ಕೊನೆಯ ಸ್ಟಿಕ್ಕರ್ ಬಿದ್ದಾಗ ನಮ್ಮ ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೇಬಿಟ್ಟರು.

ಬ್ರೇಕ್ ನೋಡಿಕೊಳ್ಳುತ್ತಿದ್ದ ಹುಡುಗ ಚಾಮರಾಜನಗರದ ಕಡೆಯವನು. ತಂದೆ ಅರಿಶಿನ ಬೆಳೆಯುವ ರೈತ. "ಮನೆಗೆ ಫೋನ್ ಮಾಡಿ ಹೇಳಿದ್ಯೇನಪ್ಪ?" ಅಂತ ಕೇಳಿದೆ. ಅವನು ತಲೆ ತಗ್ಗಿಸಿದ.

"ಹೇಗೆ ಹೇಳೋದು ಆಂಟಿ? ಇದಕ್ಕೆ ಮಾರ್ಕ್ಸ್ ಇದೆ, ಕಾಲೇಜೇ ಕಳಿಸ್ತಿದೆ ಅಂತ ಹೇಳಿ ಬಂದಿದೀನಿ. ಹಾಜರಿ ಕಮ್ಮಿ ಇದೆ. ವಾಪಸ್ ಹೋದ ತಕ್ಷಣ ಇಂಟರ್ನಲ್ಸ್ ಪರೀಕ್ಷೆ. ಗೊತ್ತಾದ್ರೆ ಅಪ್ಪ ತುಂಬ ನೊಂದ್ಕೋತಾರೆ."

ಮೇಲಿನ ಮನೆಯ ಹುಡುಗಿ ಪಕ್ಕದಲ್ಲೇ ಇದ್ದಳು. ಏನು ಹೇಳಿದ ಅಂತ ಕೇಳಿದಳು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅದೇ ಅವಳ ತಲೆಯಲ್ಲಿ ಉಳಿದುಬಿಟ್ಟಿದೆ.

ಮಾರನೇ ದಿನ ಎಂಡ್ಯೂರೆನ್ಸ್. ಸುಮಾರು 22 ಕಿಲೋಮೀಟರ್ ಓಟ, ಮಧ್ಯದಲ್ಲಿ ಚಾಲಕರು ಬದಲಾಗಬೇಕು. ಎಲ್ಲರೂ ಒಟ್ಟಿಗೆ ಹೊರಟು ಒಬ್ಬರನ್ನೊಬ್ಬರು ಹಿಂದೆ ಹಾಕುವ ರೇಸ್ ಅಲ್ಲ ಇದು. ಕೋನ್‌ಗಳ ಮಧ್ಯೆ ಗಡಿಯಾರದ ಜೊತೆ ಓಟ. ಒಂದು ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ನಮ್ಮ ಹುಡುಗರ ಕಾರು ಚಾಲಕ ಬದಲಾದ ಮೇಲೂ ಚೆನ್ನಾಗೇ ಓಡುತ್ತಿತ್ತು. ನನ್ನ ಮಗ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಇನ್ನೇನು ಕೆಲವೇ ಸುತ್ತು ಅನ್ನುವಾಗ ಬ್ಯಾಟರಿ ಕಾದು, ಅದರ ರಕ್ಷಣೆಯ ವ್ಯವಸ್ಥೆ ತಾನೇ ಕರೆಂಟ್ ಕಡಿದುಬಿಟ್ಟಿತು. ಕಾರು ಟ್ರ್ಯಾಕಿನ ಅಂಚಿನಲ್ಲಿ ನಿಂತಿತು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಡೇರೆಯ ತಂಡದವರು ಬಂದರು. ಯಾವ ಸೆಲ್, ಗಾಳಿ ಎಲ್ಲಿಂದ ಹಾಯಿಸಿದ್ದೀರಿ ಅಂತ ಕೇಳಿ, ನೆಲದ ಮೇಲೆ ಕೂತು ಚಿತ್ರ ಬರೆದು ತೋರಿಸತೊಡಗಿದರು. ಎದುರಾಳಿಗಳು! ಆ ಕೂಟದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಆ ಹುಡುಗನ ಅಪ್ಪನನ್ನು ದೂರುವುದು ನನ್ನಿಂದ ಆಗುವುದಿಲ್ಲ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇವಳಂಥವರಿಗೆ ಬೋಧನಾ ಶುಲ್ಕವೇ ಇಲ್ಲ. ಒಂದು ವರ್ಷ ತಡವಾದರೆ ಮನೆ ಮುಳುಗುವುದಿಲ್ಲ. ನಮ್ಮ ಊರಲ್ಲಿ ಸಾಲ ಮಾಡಿ ಫೀಸ್ ಕಟ್ಟಿರುತ್ತಾರೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಲ್ಲಿ ಶೇ 85 ಹಾಜರಿ ಬೇಕು. ಒಂದು ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ ಇದ್ದರೂ ಎಷ್ಟೋ ಕಂಪನಿಗಳು ಸಂದರ್ಶನಕ್ಕೇ ಕರೆಯುವುದಿಲ್ಲ. ಅಪ್ಪನ ಭಯಕ್ಕೆ ಕಾರಣ ಇದೆ. ಆದರೆ ವೆಲ್ಡಿಂಗ್, ಬ್ಯಾಟರಿ, ಬ್ರೇಕ್, ಖರ್ಚಿನ ಲೆಕ್ಕ, ಇಪ್ಪತ್ತು ಮೂವತ್ತು ಜನ ಜಗಳವಾಡುತ್ತಲೇ ಒಟ್ಟಿಗೆ ಕೆಲಸ ಮಾಡುವುದು, ಇದೆಲ್ಲ ಇಂಜಿನಿಯರಿಂಗ್ ಅಲ್ಲದೆ ಮತ್ತೇನು? ಇಷ್ಟನ್ನು ಕಲಿತ ಹುಡುಗನನ್ನು ಹಾಜರಿ ಪುಸ್ತಕ ತಪ್ಪಿತಸ್ಥನ ಹಾಗೆ ನಿಲ್ಲಿಸಿದರೆ ಆ ನಿಯಮ ಬದಲಾಗಲೇಬೇಕು. ಕಾರು ಕಟ್ಟಿದ ದಿನಗಳನ್ನು ತರಗತಿಯ ದಿನಗಳಾಗಿಯೇ ಎಣಿಸಲಿ, ಅದಕ್ಕೆ ಕ್ರೆಡಿಟ್ ಕೊಡಲಿ. ಹಾಗೆ ಮಾಡಿದರೆ ಯಾವ ಹುಡುಗನೂ ಮನೆಯಲ್ಲಿ ಸುಳ್ಳು ಹೇಳಬೇಕಾಗಿಲ್ಲ ಅಲ್ವಾ?

ನಮ್ಮಲ್ಲಿ ಇದು ಹೊಸದೂ ಅಲ್ಲ. ಬೆಂಗಳೂರಿನ ಆರ್‌ವಿ ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಇದೆ, ಹೊರದೇಶಗಳಲ್ಲೂ ಸ್ಪರ್ಧಿಸಿದೆ. ಮಣಿಪಾಲದಲ್ಲೂ ತಂಡ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಇಂಥದ್ದೇ ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ದೇಶದ ಎಲ್ಲ ಕಡೆಯಿಂದ ಹುಡುಗರು ಬರುತ್ತಾರೆ. ಇವರ ಹೆಸರು ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ನನ್ನ ಅಣ್ಣನ ನೆನಪು ಬರುತ್ತದೆ. ದಾವಣಗೆರೆಯ ಮನೆಯ ಪಡಸಾಲೆಯಲ್ಲಿ ಪೇಪರ್ ಹಾಸಿ ಅಪ್ಪನ ಲೂನಾ ಪೂರ್ತಿ ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ. ಮತ್ತೆ ಜೋಡಿಸಿದರೆ ಮೊದಲಿಗಿಂತ ಚೆನ್ನಾಗಿ ಓಡುತ್ತಿತ್ತು. ಅಪ್ಪ ಅದೇ ಲೂನಾ ಹತ್ತಿ ಆಫೀಸಿಗೆ ಹೊರಡುತ್ತಾ, "ಮೊದಲು ಸೆಮಿಸ್ಟರ್ ಮುಗಿಸು, ಆಮೇಲೆ ಮೆಕ್ಯಾನಿಕ್ ಕೆಲಸ" ಅನ್ನುತ್ತಿದ್ದರು. ಅಣ್ಣ ಸೆಮಿಸ್ಟರ್ ಮುಗಿಸಿದ, ಫಸ್ಟ್ ಕ್ಲಾಸ್ ಬಂತು, ಸಾಫ್ಟ್‌ವೇರ್ ಕಂಪನಿ ಸೇರಿದ. ಈಗ ಬೆಂಗಳೂರಿನಲ್ಲಿ ಸುಖವಾಗಿದ್ದಾನೆ. ಹಾಕೆನ್‌ಹೈಮ್‌ನಿಂದ ಒಂದು ವೀಡಿಯೊ ಕಳಿಸಿದ್ದೆ. ಬೆಂಗಳೂರಿನಲ್ಲಿ ಆಗ ಮಧ್ಯರಾತ್ರಿ ಆಗಿತ್ತು, ಆದರೂ ಫೋನ್ ಮಾಡಿದ. ಸಸ್ಪೆನ್ಷನ್ ಹತ್ತಿರದಿಂದ ತೋರಿಸು, ಇನ್ನೂ ಕೆಳಗೆ ಹಿಡಿ, ಆ ರಾಡ್ ಎಲ್ಲಿಗೆ ಹೋಗುತ್ತೆ ನೋಡು ಅಂತ ಅರ್ಧ ಗಂಟೆ. ಅಣ್ಣನ ಆ ದನಿ ಕೇಳಿ ಎಷ್ಟು ವರ್ಷವಾಗಿತ್ತೋ.

ಇದನ್ನೆಲ್ಲ ನಿನ್ನೆ ಮೇಲಿನ ಮನೆಗೆ ಹೋಗಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಹಳೆಯ ಕಾರಿನಿಂದ ಬಿಚ್ಚಿದ ಒಂದಷ್ಟು ಕನೆಕ್ಟರ್ ತಂಡದವರನ್ನು ಕೇಳಿ ತಂದಿದ್ದಳು, ಅದನ್ನು ಆ ಹುಡುಗರಿಗೆ ಕಳಿಸುವಂತೆ ಕೊಟ್ಟಳು. ಮುಂದಿನ ವಾರ ನಮ್ಮ ಯಜಮಾನರು ಊರಿಗೆ ಹೊರಟಿದ್ದಾರೆ, ಅವರ ಜೊತೆ ಹೋಗುತ್ತದೆ.

ಚಾಮರಾಜನಗರದ ಹುಡುಗನಿಗೆ ಫೋನ್ ಮಾಡಿ ತಿಳಿಸಿದೆ. ಇಂಟರ್ನಲ್ಸ್ ಪರವಾಗಿಲ್ಲ ಅಂದ. ಅಪ್ಪನಿಗೆ ಇನ್ನೂ ನಿಜ ಹೇಳಿಲ್ಲ. "ಜನವರಿಯಲ್ಲಿ ಕೊಯಮತ್ತೂರಿಗೆ ಕರ್ಕೊಂಡು ಹೋಗ್ತೀನಿ ಆಂಟಿ. ಅರಿಶಿನ ಮಾರೋಕೆ ಅಪ್ಪ ಈರೋಡಿಗೆ ಹೋಗ್ತಾನೇ ಇರ್ತಾರೆ, ಅಲ್ಲಿಂದ ದೂರ ಏನಿಲ್ಲ. ಕಾರು ಓಡೋದು ನೋಡ್ಲಿ, ಆಮೇಲೆ ಹೇಳ್ತೀನಿ." ಅಷ್ಟು ಹೊತ್ತಿಗೆ ಹೊಲದಲ್ಲಿ ಅರಿಶಿನ ಕೀಳುವ ಕೆಲಸ ಶುರುವಾಗಿರುತ್ತದಂತೆ. ಒಂದು ದಿನದ ಮಟ್ಟಿಗೆ ಆಳುಗಳನ್ನು ನೋಡಿಕೊಳ್ಳಲು ಚಿಕ್ಕಪ್ಪನನ್ನು ಈಗಲೇ ಒಪ್ಪಿಸಿದ್ದಾನೆ.