ದರೋಡೆ ಕೇಸು: ಶಿಕ್ಷೆ ಎಷ್ಟು, ವಾದ ಏನು?

ಜೇಬಿನಿಂದ ಪರ್ಸ್ ಎಗರಿಸಿದರೆ ಕಳ್ಳತನ. ಅದೇ ಪರ್ಸನ್ನು ಚಾಕು ತೋರಿಸಿ ಕಿತ್ತುಕೊಂಡರೆ ದರೋಡೆ, ಒಳಗೆ ಬರೀ ಚಿಲ್ಲರೆ ಇದ್ದರೂ ಅಷ್ಟೇ. ಕಾನೂನು ನೋಡೋದು ಬಲಪ್ರಯೋಗ ಆಯ್ತಾ, ಹೆದರಿಸಿದರಾ ಅಂತ.

ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಬದಲಿಗೆ ಬಂದ ಅಪರಾಧ ಕಾನೂನು) 309ನೇ ಸೆಕ್ಷನ್ ಪ್ರಕಾರ ಇದಕ್ಕೆ 10 ವರ್ಷದವರೆಗೆ ಕಠಿಣ ಸಜೆ, ಜೊತೆಗೆ ದಂಡ. ಹೆದ್ದಾರಿಯಲ್ಲಿ, ಅದೂ ಸೂರ್ಯ ಮುಳುಗಿದ ಮೇಲೆ ಹುಟ್ಟುವುದರೊಳಗೆ ನಡೆದರೆ 14 ವರ್ಷದವರೆಗೆ ಹೋಗಬಹುದು. ಮಾರಕ ಆಯುಧ ಬಳಸಿದರೆ 7 ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ. ಐದು ಜನ ಸೇರಿದರೆ ಅದು ಡಕಾಯಿತಿ, ಜೀವಾವಧಿಯೂ ಆಗಬಹುದು. ಇಂಗ್ಲೆಂಡಿನ 1968ರ ಕಳ್ಳತನ ಕಾಯ್ದೆಯಲ್ಲಂತೂ ಸಾದಾ ದರೋಡೆಗೂ ಗರಿಷ್ಠ ಶಿಕ್ಷೆ ಜೀವಾವಧಿಯೇ.

ಆರೋಪಿ ಪರ ವಕೀಲರು ಜಾಸ್ತಿ ಕೆದಕಬೇಕಾದ ಜಾಗ, ನನ್ನ ಪ್ರಕಾರ, ಗುರುತು ಹಿಡಿಯುವ ವಿಷಯ. ಕತ್ತಲು, ಗಾಬರಿ, ಎಲ್ಲ ಕೆಲವೇ ಕ್ಷಣ, ಅದರಲ್ಲೂ ಎದುರಿಗೆ ಚಾಕು ಇದ್ದರೆ ಕಣ್ಣು ಚಾಕುವಿನ ಮೇಲೇ ಇರುತ್ತದೆ, ಮುಖ ಎಲ್ಲಿ ನೆನಪಿರುತ್ತೆ ಹೇಳಿ? ಗುರುತು ಪರೇಡಿಗೆ (ಸಾಲಾಗಿ ನಿಲ್ಲಿಸಿದವರಲ್ಲಿ ಆರೋಪಿ ಯಾರು ಅಂತ ಸಾಕ್ಷಿ ತೋರಿಸುವುದು) ಮುಂಚೆ ಸಾಕ್ಷಿಗೆ ಆರೋಪಿಯ ಫೋಟೋ ತೋರಿಸಿದ್ದರೆ ಆ ಪರೇಡಿನ ತೂಕವೇ ಹೋಗುತ್ತದೆ.

ಬಲಪ್ರಯೋಗವೂ ಆಗಿಲ್ಲ, ಹೆದರಿಸಿಯೂ ಇಲ್ಲ ಅಂತ ತೋರಿಸಿದರೆ ಕೇಸು ಕಳ್ಳತನಕ್ಕೆ ಇಳಿಯಬಹುದು. 'ಅದು ನನ್ನದೇ ವಸ್ತು ಅಂತ ಪ್ರಾಮಾಣಿಕವಾಗಿ ನಂಬಿದ್ದೆ' ಅನ್ನೋ ವಾದವೂ ಇದೆ, ಆದರೆ ಹಲ್ಲೆ ಮಾಡಿದ್ದರೆ ಅದರ ಕೇಸು ಬೇರೆ ಉಳಿಯುತ್ತದೆ. ನಾನು ಅಲ್ಲಿರಲೇ ಇಲ್ಲ ಅನ್ನುವವರು ಸುಮ್ನೆ ಹೇಳಿದರೆ ಸಾಲದು, ಸಾಬೀತು ಮಾಡಬೇಕು. ಸಿಸಿಟಿವಿ ದೃಶ್ಯ ತಾನಾಗೇ ಅಳಿಸಿಹೋಗುವ ಮೊದಲೇ ಅದನ್ನು ಉಳಿಸಿಡಲು ವಕೀಲರಿಂದ ಅರ್ಜಿ ಹಾಕಿಸಿ.