ಓರೆ ಗೋಡೆಯ ಸಣ್ಣ ಹಡಗು: ರೇಡಾರ್ ಪ್ರಯೋಗ ಎಲ್ಲಿಗೆ ಬಂತು

ರೇಡಾರಿಗೆ ಆದಷ್ಟು ಕಾಣದಂತೆ ಓರೆ ಗೋಡೆಗಳಿಂದ ಕಟ್ಟಿದ ಸಣ್ಣ ಯುದ್ಧನೌಕೆ ಸ್ವೀಡನ್ನಿನ ವಿಸ್ಬಿ ಕಾರ್ವೆಟ್, 72.7 ಮೀಟರ್ ಉದ್ದ. ಅದರ 1:72 ಮಾದರಿ ಮಾಡಿ ಎಚ್‌ಬಿ100 ಎಂಬ ಪುಟ್ಟ ರೇಡಾರ್ ಮಾಡ್ಯೂಲ್‌ನಿಂದ (10.525 ಗಿಗಾಹರ್ಟ್ಸ್, ತರಂಗಾಂತರ 28.5 ಮಿ.ಮೀ.) ಪ್ರತಿಫಲನ ಅಳೆಯುವ ಯೋಜನೆ ಕಾಗದದ ಮೇಲೇ ಬಿದ್ದುಹೋಯಿತು. ಮಾದರಿ ಕುಗ್ಗಿದಷ್ಟು ತರಂಗವೂ ಕುಗ್ಗಬೇಕು. ಇಲ್ಲದಿದ್ದರೆ ನಿಜವಾದ ಹಡಗನ್ನು 146 ಮೆಗಾಹರ್ಟ್ಸ್‌ನಲ್ಲಿ ನೋಡಿದಂತೆ. ಜೊತೆಗೆ ತರಂಗ ಸಪಾಟಾಗಿ ಬಂದು ತಾಗಿ ಅಳತೆ ಸರಿಬರಲು ಒಂದು ಮೀಟರ್ ಉದ್ದದ ವಸ್ತುವಿಗೆ 70 ಮೀಟರ್ ದೂರ ಬೇಕು. ಹಾಗಾಗಿ ಒಂದು ಬದಿಗೋಡೆ ಮಾತ್ರ: 30 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ರಟ್ಟು, ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ದೂರ 7 ಮೀಟರ್.

ಜೋಡಣೆ

ಎಚ್‌ಬಿ100ಗೆ ಕಾಣುವುದು ಚಲಿಸುವ ವಸ್ತು ಮಾತ್ರ; ವೇಗ ಹೆಚ್ಚಿದಷ್ಟು ಅದರ ಸಿಗ್ನಲ್‌ನ ಆವರ್ತನವೂ ಹೆಚ್ಚು. ಇದು ನಮಗೆ ಲಾಭವೇ, ಕೋಣೆಯ ಗೋಡೆಗಳ ಪ್ರತಿಫಲನ ತಾನಾಗಿ ಹೊರಗುಳಿಯುತ್ತದೆ. ರಟ್ಟನ್ನು ಥರ್ಮಾಕೋಲ್ ಗಾಡಿಯ ಮೇಲೆ ನಿಲ್ಲಿಸಿ ನೈಲಾನ್ ದಾರದಿಂದ ಸೆಕೆಂಡಿಗೆ 20 ಸೆಂ.ಮೀ. ವೇಗದಲ್ಲಿ ಎಳೆದರೆ 14 ಹರ್ಟ್ಸ್ ಸಿಗ್ನಲ್. ಅವಸರಪಟ್ಟು 70 ಸೆಂ.ಮೀ. ವೇಗಕ್ಕೆ ಏರಿಸಿದರೆ 49 ಹರ್ಟ್ಸ್ ಆಗಿ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯಲ್ಲಿ ಮುಳುಗುತ್ತದೆ. ಸಿಗ್ನಲ್ ಹಿಗ್ಗಿಸುವ ಎಲ್‌ಎಂ358 ಚಿಪ್‌ನ ಎರಡು ಹಂತ ಸೇರಿ ಸುಮಾರು ಸಾವಿರ ಪಟ್ಟು ವರ್ಧನೆ, ಅಲ್ಲಿಂದ ಅದನ್ನು ಓದುವ ಆರ್ಡುಯಿನೋ ಬೋರ್ಡ್. ಲ್ಯಾಪ್‌ಟಾಪಿನ ಮೈಕ್ ಜಾಕ್ ಬೇಡ, ಇಷ್ಟು ಕಡಿಮೆ ಆವರ್ತನವನ್ನು ಅದು ಕತ್ತರಿಸಿಬಿಡುತ್ತದೆ. ದಾರ ಎಳೆಯುವ ಕೈಯೂ ಚಲಿಸುತ್ತದಲ್ಲ, ಆದ್ದರಿಂದ ಎಳೆಯುವವರು ಮಾಡ್ಯೂಲ್‌ನ ಬೆನ್ನ ಹಿಂದೆ ಕೂರಬೇಕು.

ಓರೆ ಮಾಡಿದಾಗ

ಲೆಕ್ಕದಲ್ಲಿ, ನೆಟ್ಟಗೆ ನಿಂತ ಈ ಪುಟ್ಟ ರಟ್ಟಿನ ರೇಡಾರ್ ವಿಸ್ತೀರ್ಣ (ರೇಡಾರಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ) ಸುಮಾರು 14 ಚದರ ಮೀಟರ್! 10 ಡಿಗ್ರಿ ವಾಲಿಸಿದರೆ 0.08ಕ್ಕೆ ಇಳಿಯುತ್ತದೆ. ಔಟ್‌ಪುಟ್ ವೋಲ್ಟೇಜು ಇದರ ವರ್ಗಮೂಲದಂತೆ ಬದಲಾಗುವುದರಿಂದ ಅಳತೆಯಲ್ಲಿ ಕಾಣಬೇಕಾದದ್ದು ಹದಿಮೂರನೇ ಒಂದು ಭಾಗ, ನೂರೆಪ್ಪತ್ತನೇ ಒಂದು ಭಾಗವಲ್ಲ. ಪತ್ತೆಯಾಗುವ ದೂರ ನಾಲ್ಕನೇ ಮೂಲದಂತೆ ಕುಗ್ಗಿ ಶೇ. 28ಕ್ಕೆ ನಿಲ್ಲುತ್ತದೆ.

ಈಗ ಅದೇ ಗಾಡಿಯ ಮೇಲೆ 10 ಸೆಂ.ಮೀ. ಅಂಚಿನ ಮೂರು ತ್ರಿಕೋನಗಳನ್ನು ಒಂದಕ್ಕೊಂದು ಲಂಬವಾಗಿ ಕೂಡಿಸಿದ, ತರಂಗವನ್ನು ಬಂದ ದಿಕ್ಕಿಗೇ ಮರಳಿಸುವ ಫಾಯಿಲ್ ಮೂಲೆಯೊಂದನ್ನು ಇಡಿ. ಅದೊಂದರದ್ದೇ 0.5 ಚದರ ಮೀಟರ್, ಅಂದರೆ ಓರೆ ಗೋಡೆಯ ಆರು ಪಟ್ಟು. ಡೆಕ್ಕಿನ ಮೇಲೆ ಲೋಹದ ಪೆಟ್ಟಿಗೆ ಗೋಡೆಗೆ ತಾಗುವ ಮೂಲೆಗಳೆಲ್ಲ ಇಂಥವೇ. ವಿಸ್ಬಿಯಲ್ಲಿ ತೋಪಿನ ನಳಿಗೆಯನ್ನೂ ಗೋಪುರದೊಳಗೆ ಮಡಚಿಡುವುದು ಸುಮ್ಮನೆ ಅಲ್ಲ.

ಫೈಬರ್‌ಗ್ಲಾಸ್ ದೋಣಿ ರೇಡಾರಿಗೆ ಕಾಣುವುದಿಲ್ಲ ಎನ್ನುವವರಿಗೊಂದು ಮಾತು: ಫೈಬರ್‌ಗ್ಲಾಸ್ ಮೂಲಕ ತರಂಗ ಹಾದುಹೋಗಿ ಒಳಗಿನ ಎಂಜಿನ್ ಕಾಣುತ್ತದೆ. ವಿಸ್ಬಿಯದು ಕಾರ್ಬನ್ ಫೈಬರ್. ಅದು ವಿದ್ಯುದ್ವಾಹಕ, ಹೊರಮೈಯಲ್ಲೇ ತಡೆದು ಬೇರೆ ದಿಕ್ಕಿಗೆ ತಳ್ಳುತ್ತದೆ.

ಹೊಯ್ದಾಟ

ಸಣ್ಣ ಹಡಗಿನ ನಿಜವಾದ ತೊಡಕು ಇಲ್ಲಿದೆ. ಗೋಡೆ 10 ಡಿಗ್ರಿ ಓರೆ, ಅಲೆಗೆ ಹಡಗು 12 ಡಿಗ್ರಿ ಹೊರಳಿದರೆ? ಪ್ರತಿ ಹೊರಳಿಗೂ ಎರಡು ಸಲ ಗೋಡೆ ರೇಡಾರಿಗೆ ನೇರವಾಗಿ ನಿಂತು ಕನ್ನಡಿಯಂತೆ ಮಿಂಚುತ್ತದೆ. 1985ರ ಅಮೆರಿಕದ ಪ್ರಯೋಗದ ಹಡಗು ಸೀ ಶ್ಯಾಡೋ ಎರಡು ಮುಳುಗು ಒಡಲಿನ ಮೇಲೆ ನಿಂತು ಹೊರಳನ್ನೇ ತಗ್ಗಿಸಿತ್ತು, ಗೋಡೆಯನ್ನು 45 ಡಿಗ್ರಿಗೆ ವಾಲಿಸಿತ್ತು. ಅಷ್ಟು ವಾಲಿಸಿದರೆ ಒಳಗೆ ಜಾಗ ಉಳಿಯುವುದಿಲ್ಲ.

ನಮ್ಮ ಮುಂದಿನ ಪ್ರಯೋಗ ರೇಡಾರ್ ತರಂಗವನ್ನು ಹೀರುವ ಪದರ: ಫಾಯಿಲ್‌ಗೆ 7.1 ಮಿ.ಮೀ. ಥರ್ಮಾಕೋಲ್, ಮೇಲೆ ಕಾರ್ಬನ್ ಬಣ್ಣ ಬಳಿದ ಕಾಗದ. ಚೌಕಾಕಾರದ ತುಂಡಿನ ಎದುರುಬದುರು ಅಂಚಿಗೆ ತಾಮ್ರದ ಟೇಪ್ ಹಚ್ಚಿ ಅಳೆದಾಗ 377 ಓಮ್ ಬರಬೇಕು. ಬಣ್ಣ ಒಣಗಿದ ಮೇಲೆಯೇ ಅಳೆಯಿರಿ; ಹಸಿ ಇದ್ದಾಗಿನ ಓಮ್‌ಗೆ ಬೆಲೆಯಿಲ್ಲ.